ಮೂತ್ರದ ಗೆರೆ ನೋಡಿ ನಿಕಾಹ್ ನಿಲ್ಲಿಸಲು ಹೊರಟವರಿಗೆ

ಮಂಜೇಶ್ವರ, ಉಪ್ಪಳ, ಕುಂಬಳೆ ಕಡೆ ಈಗ ಹೊಸದೊಂದು ಮಾತು ಓಡಾಡುತ್ತಿದೆ. ಮದುವೆಗೆ ಜಮಾಅತಿನ ಎನ್‌ಒಸಿ ಬೇಕಾದರೆ ಹುಡುಗ ಮೊದಲು ಡ್ರಗ್ ಟೆಸ್ಟ್ ಮಾಡಿಸಿ ತೋರಿಸಬೇಕಂತೆ. ಟೆಸ್ಟ್ ಅಂದರೆ ಆಸ್ಪತ್ರೆಯದ್ದಲ್ಲ. ಆನ್‌ಲೈನಿನಲ್ಲಿ ಕೆಲವು ನೂರು ರೂಪಾಯಿಗೆ ಸಿಗುವ ಪ್ಲಾಸ್ಟಿಕ್ ಕಾರ್ಡು. ಮೂತ್ರದಲ್ಲಿ ಅದ್ದಿ ಐದು ನಿಮಿಷ ಕಾದರೆ ಗಾಂಜಾ, ಎಂಡಿಎಂಎ, ಮಾರ್ಫಿನ್ ಎಲ್ಲ ಹೊರಬೀಳುತ್ತದೆ ಎಂದು ನಂಬಿದ್ದಾರೆ. ಒಂದು ಕಡೆ ಕಮಿಟಿ ಮೀಟಿಂಗಿನಲ್ಲೇ ಇದು ಚರ್ಚೆಗೆ ಬಂತು. ಇನ್ನೊಂದು ಕಡೆ ಕ್ಲಬ್ಬಿನವರು ಟೂರ್ನಮೆಂಟಿಗೆ ಮೊದಲು ಎಲ್ಲ ಆಟಗಾರರ ಟೆಸ್ಟ್ ಮಾಡೋಣ ಎಂದು ಹೊರಟಿದ್ದಾರೆ. ವಾಟ್ಸಾಪ್ ಗ್ರೂಪಿನಲ್ಲಿ ಮಾಷಾ ಅಲ್ಲಾಹ್, ಒಳ್ಳೆಯ ತೀರ್ಮಾನ ಎಂಬ ಮೆಸೇಜುಗಳ ಸುರಿಮಳೆ.

ನಾನು ಇದಕ್ಕೆ ವಿರೋಧ. ಗ್ರೂಪಿನಲ್ಲಿ ಹೇಳಿದರೆ "ಇವನಿಗೆ ಯಾಕೆ ಹೆದರಿಕೆ?" ಎಂದು ಕೇಳುತ್ತಾರೆ, ಕೇಳಿಯೂ ಆಯಿತು. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಡ್ರಗ್ಸ್ ದೊಡ್ಡ ಸಮಸ್ಯೆ ಅಲ್ಲ ಎಂದು ನಾನು ಹೇಳುತ್ತಿಲ್ಲ. ಯಾವ ಮನೆಯ ಉಮ್ಮ ರಾತ್ರಿ ಮೂರು ಗಂಟೆಗೆ ಗೇಟಿನ ಸದ್ದಿಗೆ ಕಿವಿಗೊಟ್ಟು ಕೂತಿರುತ್ತಾರೆ ಎಂದು ನಮ್ಮೂರಿನಲ್ಲಿ ಎಲ್ಲರಿಗೂ ಗೊತ್ತು. ಜಮಾಅತಿನ ಹಿರಿಯರು ಈ ವಿಷಯವನ್ನು ತಲೆಗೆ ಹಚ್ಚಿಕೊಂಡದ್ದೇ ಒಳ್ಳೆಯದು. ಆದರೆ ಅವರ ಕೈಯಲ್ಲಿರುವ ಕಾರ್ಡು ಏನು ಹೇಳುತ್ತದೆ, ಏನು ಹೇಳುವುದಿಲ್ಲ ಎಂದು ಯಾರೂ ಕೇಳಿಕೊಂಡಂತಿಲ್ಲ. ಕೇಳದೆ ಒಬ್ಬ ಹುಡುಗನ ಮದುವೆ ನಿಲ್ಲಿಸುವುದು ಜಮಾಅತಿನ ಕೆಲಸ ಅಲ್ಲ.

ಮೊದಲು ಆ ಕಾರ್ಡನ್ನು ಓದುವುದೇ ತಿರುಗಾಮುರುಗಾ. ಕೊರೊನಾ ಕಾಲದಲ್ಲಿ ನಾವೆಲ್ಲ ಕಲಿತದ್ದು ಎರಡು ಗೆರೆ ಬಂದರೆ ಪಾಸಿಟಿವ್ ಎಂದು. ಗರ್ಭಿಣಿಯರ ಟೆಸ್ಟಿನಲ್ಲೂ ಹಾಗೆಯೇ. ಡ್ರಗ್ ಕಾರ್ಡಿನಲ್ಲಿ ಇದು ಪೂರ್ತಿ ಉಲ್ಟಾ. ಎರಡು ಗೆರೆ ಬಂದರೆ ನೆಗೆಟಿವ್. ಮೇಲಿನ ಸಿ ಗೆರೆ ಬಂದು ಕೆಳಗಿನ ಟಿ ಗೆರೆ ಬಾರದಿದ್ದರೆ ಪಾಸಿಟಿವ್. ಸಿ ಗೆರೆಯೇ ಬಾರದಿದ್ದರೆ ಆ ಟೆಸ್ಟೇ ಲೆಕ್ಕಕ್ಕಿಲ್ಲ, ಬಿಸಾಡಬೇಕು.

ಯಾಕೆ ಉಲ್ಟಾ ಎಂದರೆ, ಒಳಗಿನ ಕೆಲಸ ಬಸ್ಸಿನ ಸೀಟಿನ ಹಾಗೆ. ಸ್ಟ್ರಿಪ್ಪಿನಲ್ಲಿ ಬಣ್ಣದ ಕಣಗಳಿಗೆ ಅಂಟಿಸಿದ ಆ್ಯಂಟಿಬಾಡಿಗಳಿರುತ್ತವೆ. ಟಿ ಗೆರೆಯ ಜಾಗದಲ್ಲಿ ಅದೇ ಡ್ರಗ್ಗಿನ ಅಂಶವನ್ನು ಮೊದಲೇ ಅಂಟಿಸಿಟ್ಟಿರುತ್ತಾರೆ. ಮೂತ್ರದಲ್ಲಿ ಡ್ರಗ್ ಇಲ್ಲದಿದ್ದರೆ ಆ್ಯಂಟಿಬಾಡಿಗಳು ಖಾಲಿ ಸೀಟಿನೊಂದಿಗೆ ಬಂದು ಟಿ ಗೆರೆಗೆ ಅಂಟಿಕೊಳ್ಳುತ್ತವೆ, ಬಣ್ಣ ಕಾಣಿಸುತ್ತದೆ. ಮೂತ್ರದಲ್ಲಿ ಡ್ರಗ್ ಇದ್ದರೆ ಅದು ದಾರಿಯಲ್ಲೇ ಸೀಟು ಹಿಡಿದಿರುತ್ತದೆ. ಟಿ ಗೆರೆಗೆ ಅಂಟಲು ಜಾಗ ಉಳಿಯುವುದಿಲ್ಲ, ಗೆರೆ ಮೂಡುವುದಿಲ್ಲ. ಗೆರೆ ಎಷ್ಟು ಮಸುಕಾಗಿದ್ದರೂ ಇದೆ ಎಂದಾದರೆ ಅದು ನೆಗೆಟಿವ್. "ಗೆರೆ ಸ್ವಲ್ಪ ತೆಳು ಉಂಟಲ್ಲ, ಸ್ವಲ್ಪ ಸೇದಿರಬೇಕು" ಎಂದು ಹೇಳುವ ಹಾಗಿಲ್ಲ. ಐದು ನಿಮಿಷಕ್ಕೆ ಓದಬೇಕು, ಹತ್ತು ನಿಮಿಷ ಕಳೆದ ಮೇಲೆ ಓದಬಾರದು ಎಂದು ಸಾಮಾನ್ಯವಾಗಿ ಕಾರ್ಡಿನ ಜೊತೆಗಿರುವ ಕಾಗದದಲ್ಲೇ ಬರೆದಿರುತ್ತದೆ. ಅಂದರೆ ಅರ್ಧ ಗಂಟೆ ಬಿಟ್ಟು ತೆಗೆದು ಗ್ರೂಪಿಗೆ ಹಾಕಿದ ಫೋಟೋಕ್ಕೆ ಬೆಲೆ ಇಲ್ಲ. ಕಮಿಟಿಯಲ್ಲಿ ಇದನ್ನು ಓದುವವರು ಯಾರು? ಸೆಕ್ರೆಟರಿಯಾ, ಖಜಾಂಚಿಯಾ? ಅಥವಾ ಪಾಪ, ಮದ್ರಸದ ಉಸ್ತಾದರ ತಲೆಗೆ ಕಟ್ಟುವುದಾ?

ನಮ್ಮ ಉಪ್ಪನ ಅಂಗಡಿಯಲ್ಲಿ ಅಕ್ಕಿ ತೂಗುವ ಎಲೆಕ್ಟ್ರಾನಿಕ್ ತಕ್ಕಡಿಗೆ ವರ್ಷ ವರ್ಷ ತೂಕ-ಅಳತೆ ಇಲಾಖೆಯವರ ಮುದ್ರೆ ಬೀಳಬೇಕು. ಇಲ್ಲದಿದ್ದರೆ ದಂಡ. ಹತ್ತು ಗ್ರಾಂ ಸಕ್ಕರೆ ಹೆಚ್ಚುಕಮ್ಮಿ ಆಗಬಾರದೆಂದು ಸರಕಾರ ಇಷ್ಟೆಲ್ಲ ಮಾಡುತ್ತದೆ. ಇಲ್ಲಿ ಹುಡುಗನ ಮಾನ ತೂಗುತ್ತಿದ್ದೀರಿ. ಕಾರ್ಡು ಬಿಸಿಲಲ್ಲಿ ಬಿದ್ದಿತ್ತಾ, ಅವಧಿ ಮುಗಿದಿದೆಯಾ, ಓದುವವನಿಗೆ ಓದಲು ಬರುತ್ತದಾ ಎಂದು ನೋಡುವವರು ಯಾರೂ ಇಲ್ಲ.

ಇನ್ನು ಆ ಕಾರ್ಡು ನಿಜವಾಗಿ ಏನನ್ನು ಅಳೆಯುತ್ತದೆ? ಅಳೆಯುವುದೇ ಇಲ್ಲ. ನಾನು ಓದಿದ್ದು ಮೆಕ್ಯಾನಿಕಲ್ ಡಿಪ್ಲೊಮಾ. ವರ್ಕ್‌ಶಾಪಿನಲ್ಲಿ ಗೋ, ನೋ-ಗೋ ಗೇಜ್ ಎಂದು ಒಂದಿದೆ. ತಿರುಗಣಿಯಿಂದ ಇಳಿದ ಪ್ರತಿಯೊಂದು ಪೀಸನ್ನೂ ಅದರಲ್ಲಿ ತೂರಿಸಿ ನೋಡುತ್ತಾರೆ. ಹೋದರೆ ಪಾಸ್, ಸಿಕ್ಕಿಕೊಂಡರೆ ಪಕ್ಕಕ್ಕೆ. ಪೀಸು ಎಷ್ಟು ದಪ್ಪ ಇದೆ ಎಂದು ಗೇಜು ಹೇಳುವುದಿಲ್ಲ. ಪಕ್ಕಕ್ಕಿಟ್ಟದ್ದನ್ನು ಯಾರೂ ನೇರ ಗುಜರಿಗೆ ಎಸೆಯುವುದಿಲ್ಲ. ಅದು ಇನ್ಸ್ಪೆಕ್ಷನ್ ರೂಮಿಗೆ ಹೋಗಿ ಮೈಕ್ರೋಮೀಟರಿನಲ್ಲಿ ಅಳೆದ ಮೇಲೆಯೇ ತೀರ್ಮಾನ. ಈ ಡ್ರಗ್ ಕಾರ್ಡು ಅಂಥದ್ದೇ ಒಂದು ಗೇಜು. ಒಂದು ಮಿತಿ ಇಟ್ಟಿರುತ್ತಾರೆ: ಗಾಂಜಾಕ್ಕೆ ಸಾಮಾನ್ಯವಾಗಿ ಮಿಲಿಲೀಟರಿಗೆ 50 ನ್ಯಾನೊಗ್ರಾಂ, ಎಂಡಿಎಂಎಗೆ 500. ನ್ಯಾನೊಗ್ರಾಂ ಎಂದರೆ ಗ್ರಾಮಿನ ನೂರು ಕೋಟಿಯಲ್ಲಿ ಒಂದು ಪಾಲು. ಮಿತಿಗಿಂತ ಮೇಲೆ ಅಥವಾ ಕೆಳಗೆ, ಅಷ್ಟೇ ಅದರ ಉತ್ತರ. ಅದರ ಮೈಕ್ರೋಮೀಟರ್ ಇರುವುದು ದೊಡ್ಡ ಲ್ಯಾಬುಗಳಲ್ಲಿ. ಜಿಸಿ-ಎಂಎಸ್, ಎಲ್‌ಸಿ-ಎಂಎಸ್ ಎಂಬ ಯಂತ್ರಗಳು ಮೂತ್ರದೊಳಗಿನ ಒಂದೊಂದು ವಸ್ತುವನ್ನೂ ಬೇರೆ ಬೇರೆ ಮಾಡಿ, ಇದು ಇಂಥದ್ದೇ, ಇಷ್ಟೇ ಎಂದು ಹೇಳುತ್ತವೆ. ಕಾರ್ಡಿನ ಕಾಗದದಲ್ಲೂ ಇದು ಪ್ರಾಥಮಿಕ ಫಲಿತಾಂಶ ಮಾತ್ರ, ಖಚಿತಪಡಿಸಿಕೊಳ್ಳಲು ಲ್ಯಾಬಿಗೆ ಕಳಿಸಿ ಎಂಬ ಸಾಲು ಇರುತ್ತದೆ. ಆ ಸಾಲನ್ನು ಓದದವರೇ ನಿರ್ಣಯ ಬರೆಯುತ್ತಿದ್ದಾರೆ.

ನಮ್ಮ ಅಡುಗೆಮನೆಗೆ ಬನ್ನಿ. ಗಸಗಸೆ. ಅಫೀಮಿನ ಗಿಡದ ಬೀಜವೇ ಅದು. ಕೋಳಿ ಗಸಿಗೆ ಅರೆಯುತ್ತೇವೆ, ಪಾಯಸ ಮಾಡುತ್ತೇವೆ. ಗಲ್ಫಿಗೆ ಹೋಗುವವನ ಬ್ಯಾಗಿಗೆ ಮಸಾಲೆ ಕಟ್ಟುವಾಗ ಉಮ್ಮಂದಿರು ಗಸಗಸೆ ತೆಗೆದಿಡುತ್ತಾರೆ, ಯುಎಇಯಲ್ಲಿ ಅದು ನಿಷೇಧ ಎಂದು ನಮಗೆ ಗೊತ್ತೇ ಇದೆ. ಬೀಜದ ಮೇಲೆ ಮಾರ್ಫಿನ್ನಿನ ಅಂಶ ಸ್ವಲ್ಪ ಅಂಟಿರುತ್ತದೆ. ತೊಳೆದು ಕುದಿಸಿದರೆ ಬಹಳ ಕಡಿಮೆಯಾಗುತ್ತದೆ ನಿಜ, ಆದರೆ ಒಂದು ಮೂಟೆಯಿಂದ ಇನ್ನೊಂದು ಮೂಟೆಗೆ ತುಂಬ ವ್ಯತ್ಯಾಸ. ಅಮೆರಿಕದಲ್ಲಿ ಸರಕಾರಿ ನೌಕರರ ಟೆಸ್ಟಿನಲ್ಲಿ ಮಾರ್ಫಿನ್ ಮಿತಿ ಮೊದಲು 300 ಇತ್ತು. ಗಸಗಸೆ ಹಾಕಿದ ಬ್ರೆಡ್ಡು ತಿಂದವರೂ ಸಿಕ್ಕಿಬೀಳುತ್ತಾರೆ ಎಂದು 1998ರಲ್ಲಿ ಅದನ್ನು 2000ಕ್ಕೆ ಏರಿಸಿದರು. ನಮ್ಮ ಮಾರುಕಟ್ಟೆಯಲ್ಲಿ 300ರ ಕಾರ್ಡೂ ಇದೆ, 2000ದ್ದೂ ಇದೆ. ಕಮಿಟಿ ತರಿಸುವುದು ಯಾವುದು? ಕೇಳಿ ನೋಡಿ, ಈ ಎರಡು ಸಂಖ್ಯೆ ಇದೆ ಎಂದೇ ಅವರಿಗೆ ಗೊತ್ತಿರಲಿಕ್ಕಿಲ್ಲ.

ಮನೆಯ ಔಷಧಿ ಡಬ್ಬಿ ತೆರೆಯಿರಿ. ಗ್ಯಾಸಿಗೆಂದು ಬೆಳಿಗ್ಗೆ ಬರಿಹೊಟ್ಟೆಗೆ ನುಂಗುವ ಪ್ಯಾಂಟೊಪ್ರಜೋಲ್ ಗಾಂಜಾ ಟೆಸ್ಟಿನಲ್ಲಿ ಸುಳ್ಳು ಪಾಸಿಟಿವ್ ಕೊಡಬಹುದೆಂದು ಆ ಮಾತ್ರೆಯ ಮಾಹಿತಿ ಪತ್ರದಲ್ಲೇ ಇದೆ. ಶೀತಕ್ಕೆ ಕೊಡುವ ಸೂಡೊಎಫೆಡ್ರಿನ್ ಆ್ಯಂಫೆಟಮಿನ್ ಗೆರೆಯನ್ನು ಅಳಿಸಬಹುದು. ಸೋಂಕಿಗೆ ಕೊಡುವ ಆಫ್ಲಾಕ್ಸಾಸಿನ್, ಲಿವೊಫ್ಲಾಕ್ಸಾಸಿನ್ ಅಫೀಮಿನ ಗೆರೆಯನ್ನು ತಪ್ಪಿಸಬಹುದು. ಖಿನ್ನತೆಗೆ ಕೊಡುವ ಸರ್ಟ್ರಲಿನ್ ನಿದ್ರೆ ಮಾತ್ರೆಯ ಗೆರೆಯಲ್ಲಿ ಗೊಂದಲ ಮಾಡಬಹುದು. ಎಲ್ಲರಿಗೂ ಆಗುತ್ತದೆ ಎಂದಲ್ಲ, ಎಲ್ಲ ಕಂಪನಿಯ ಕಾರ್ಡಿನಲ್ಲೂ ಆಗುತ್ತದೆ ಎಂದಲ್ಲ. ಆದರೆ ಆಗುತ್ತದೆ.

ಇನ್ನೊಂದು ಹೇಳುತ್ತೇನೆ, ಇದನ್ನು ಯಾರೂ ಯೋಚಿಸಿಲ್ಲ. ಫಿಟ್ಸ್ ಇರುವವರಿಗೆ ಕೊಡುವ ಹಳೆಯ ಔಷಧಿ ಫೆನೊಬಾರ್ಬಿಟಾಲ್. ಅದು ಬಾರ್ಬಿಚುರೇಟ್. ಹೆಚ್ಚು ಪಟ್ಟಿಗಳಿರುವ ಕಾರ್ಡಿನಲ್ಲಿ ಬಾರ್ಬಿಚುರೇಟಿಗೂ ಒಂದು ಪಟ್ಟಿ ಇರುತ್ತದೆ. ಚಿಕ್ಕಂದಿನಿಂದ ಆ ಮಾತ್ರೆ ನುಂಗುತ್ತಾ, ದಿನಕ್ಕೆ ಎಂಟು ಗಂಟೆ ದುಡಿಯುತ್ತಾ, ಯಾರಿಗೂ ಹೇಳದೆ ಬದುಕಿದ ಹುಡುಗನ ರೋಗವನ್ನು ಕಮಿಟಿಯ ಮೇಜಿನ ಮೇಲೆ ಹರಡಿದ ಹಾಗಾಗುತ್ತದೆ. ಅವನು ಹೆಣ್ಣಿನ ಮನೆಯವರಿಗೆ ಹೇಳಬೇಕಾ? ಖಂಡಿತ ಹೇಳಬೇಕು. ಆದರೆ ಅದನ್ನು ಅವನು ಹೇಳಬೇಕು, ಅವನ ಉಪ್ಪ ಹೇಳಬೇಕು. ಹದಿನೈದು ಮಂದಿ ಕೂತ ಕಮಿಟಿಯಲ್ಲಿ ಡ್ರಗ್ ಕೇಸು ಎಂಬ ಹೆಸರಿನಲ್ಲಿ ಹೊರಬೀಳಬಾರದು.

ನಮ್ಮ ಸಂಬಂಧದ ಹುಡುಗನೊಬ್ಬನಿಗೆ ಹೀಗೆಯೇ ಆಯಿತು. ಡ್ರೈವರ್ ಕೆಲಸಕ್ಕೆಂದು ಒಂದು ಕಡೆ ಹೋದಾಗ ಅವರು ಗೇಟಿನ ಹತ್ತಿರವೇ ಸ್ಟ್ರಿಪ್ ಟೆಸ್ಟ್ ಮಾಡಿದರು. ಅಫೀಮಿನ ಗೆರೆ ಬರಲಿಲ್ಲ. "ನಿನ್ನದು ಪಾಸಿಟಿವ್, ಹೋಗಬಹುದು" ಎಂದರು. ಏನು ಔಷಧಿ ತೆಗೆದುಕೊಳ್ಳುತ್ತಿದ್ದಿ ಎಂದು ಕೇಳಲಿಲ್ಲ. ಅವನು ಹತ್ತು ದಿನಗಳಿಂದ ಡಾಕ್ಟರು ಬರೆದುಕೊಟ್ಟ ಕೋಡಿನ್ ಇರುವ ಕೆಮ್ಮಿನ ಸಿರಪ್ ಕುಡಿಯುತ್ತಿದ್ದ. ಚೀಟಿ ಅವನ ಪರ್ಸಿನಲ್ಲೇ ಇತ್ತು. ಊರಿಗೆ ಬರುವ ಮೊದಲೇ ಸುದ್ದಿ ಬಂದಿತ್ತು. ಉಪ್ಪ ದುಡ್ಡು ಹೊಂದಿಸಿ ಮಂಗಳೂರಿನ ಲ್ಯಾಬಿನ ಮೂಲಕ ಮರುಪರೀಕ್ಷೆ ಮಾಡಿಸಿದರು. ಕೋಡಿನ್ ಇದೆ, ಕೋಡಿನ್ ದೇಹದಲ್ಲಿ ಒಡೆದಾಗ ಹುಟ್ಟುವಷ್ಟು ಮಾರ್ಫಿನ್ ಇದೆ, ಹೆರಾಯಿನ್ನಿನ ಗುರುತಾದ 6-ಎಎಂ ಇಲ್ಲ ಎಂದು ವರದಿ ಬಂತು. ವರದಿ ಕೈಗೆ ಸಿಗುವಾಗ ಮೂರು ವಾರ ಕಳೆದಿತ್ತು. ಅಷ್ಟರಲ್ಲಿ ಮಾತಾಗಿದ್ದ ಸಂಬಂಧ ಮುರಿದಿತ್ತು. ಹೆಣ್ಣಿನ ಕಡೆಯವರನ್ನು ನಾನು ದೂರುವುದಿಲ್ಲ, ಅವರಿಗೆ ತಲುಪಿದ ಸುದ್ದಿಯೇ ಹಾಗಿತ್ತು. ಸುದ್ದಿ ಹರಡಿದವರಲ್ಲಿ ಒಬ್ಬರಾದರೂ ಆ ವರದಿಯನ್ನು ಫಾರ್ವರ್ಡ್ ಮಾಡಿದ್ದನ್ನು ನಾನು ನೋಡಿಲ್ಲ.

"ಒಬ್ಬಿಬ್ಬರಿಗೆ ಹಾಗಾಗಬಹುದು, ಅದಕ್ಕಾಗಿ ಒಳ್ಳೆಯ ಕೆಲಸ ಬಿಡಲಿಕ್ಕಾಗುತ್ತದಾ?" ಎನ್ನುತ್ತಾರೆ. ಒಬ್ಬಿಬ್ಬರಲ್ಲ, ಲೆಕ್ಕ ಹಾಕೋಣ. ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ನಡೆಸಿದ ಸಮೀಕ್ಷೆಯ ವರದಿ 2019ರಲ್ಲಿ ಬಂತು. 10ರಿಂದ 75 ವರ್ಷದವರಲ್ಲಿ ಭಂಗಿ, ಗಾಂಜಾ, ಚರಸ್ ಬಳಸಿದವರು ಶೇ. 2.8 ಎಂದು ಅದರಲ್ಲಿದೆ. ನಮ್ಮ ಲೆಕ್ಕಕ್ಕೆ ಶೇ. 3 ಎಂದೇ ಹಿಡಿಯಿರಿ. ಸಾವಿರ ಹುಡುಗರನ್ನು ಸಾಲಾಗಿ ನಿಲ್ಲಿಸಿದರೆ 30 ಮಂದಿ ಸೇದುವವರು, 970 ಮಂದಿ ಸೇದದವರು. ಕಾರ್ಡು ತುಂಬ ಒಳ್ಳೆಯದು, ಸೇದುವವರಲ್ಲಿ ನೂರಕ್ಕೆ 90 ಮಂದಿಯನ್ನು ಹಿಡಿಯುತ್ತದೆ, ಸೇದದವರಲ್ಲಿ ನೂರಕ್ಕೆ ಐದು ಮಂದಿಗೆ ಮಾತ್ರ ತಪ್ಪುತ್ತದೆ ಎಂದುಕೊಳ್ಳಿ. 30ರಲ್ಲಿ 27 ಮಂದಿ ಸಿಕ್ಕಿದರು. 970ರಲ್ಲಿ 48 ಮಂದಿ ಸುಮ್ಮಸುಮ್ಮನೆ ಸಿಕ್ಕಿದರು. ಪಾಸಿಟಿವ್ ಬಂದವರು ಒಟ್ಟು 75. ಅದರಲ್ಲಿ ಮುಕ್ಕಾಲು ಪಾಲು ಅಲ್ಲದಿದ್ದರೂ ಅರ್ಧಕ್ಕಿಂತ ಬಹಳ ಹೆಚ್ಚು ಮಂದಿ ನಿರಪರಾಧಿಗಳು. ತಪ್ಪುವ ಪ್ರಮಾಣ ನೂರಕ್ಕೆ ಎರಡಕ್ಕೆ ಇಳಿದರೂ 27 ಮಂದಿಯ ಪಕ್ಕದಲ್ಲಿ 19 ಮಂದಿ ಅಮಾಯಕರು ನಿಂತಿರುತ್ತಾರೆ. ಒಬ್ಬ ವ್ಯಸನಿಯನ್ನು ಡಾಕ್ಟರು ಕೂರಿಸಿ ಟೆಸ್ಟ್ ಮಾಡುವಾಗ ಈ ತೊಂದರೆ ಅಷ್ಟಿಲ್ಲ, ಯಾಕೆಂದರೆ ಅಲ್ಲಿ ಅನುಮಾನಕ್ಕೆ ಬೇರೆ ಕಾರಣವೂ ಇರುತ್ತದೆ. ಊರಿನ ಎಲ್ಲ ಗಂಡುಮಕ್ಕಳನ್ನು ಸಾಲಿನಲ್ಲಿ ನಿಲ್ಲಿಸಿದಾಗಲೇ ಇದು ಭೂತಾಕಾರವಾಗುವುದು.

ಅಮಾಯಕರು ಸಿಕ್ಕಿಬಿದ್ದರು, ಸರಿ. ನಿಜವಾಗಿ ಬಳಸುವವನಾದರೂ ಸಿಗುತ್ತಾನಾ? ಎಂಡಿಎಂಎ ಮೂತ್ರದಲ್ಲಿ ಕಾಣುವುದು ಒಂದರಿಂದ ಮೂರು ದಿನ. ಟೆಸ್ಟ್ ಇದೆ ಎಂದು ವಾರ ಮೊದಲೇ ನೋಟೀಸು ಹಾಕುತ್ತೀರಿ. ಆ ವಾರ ಮುಟ್ಟದೆ ಇರುತ್ತಾನೆ, ಪಾಸಾಗುತ್ತಾನೆ, ಬಿರಿಯಾನಿ ತಿಂದು ಅದೇ ರಾತ್ರಿ ಮತ್ತೆ ಶುರು ಮಾಡುತ್ತಾನೆ. ಬಿಡಲಾಗದ ಮಟ್ಟಿಗೆ ಸಿಕ್ಕಿಹಾಕಿಕೊಂಡವನು ಏನು ಮಾಡುತ್ತಾನೆ? ಎರಡು ಲೀಟರ್ ನೀರು ಕುಡಿದು ಬರುತ್ತಾನೆ, ಮೂತ್ರ ತೆಳುವಾಗಿ ಮಿತಿಯ ಕೆಳಗೆ ಇಳಿಯುತ್ತದೆ. ಇಲ್ಲವೇ ಸ್ನೇಹಿತನ ಮೂತ್ರ ತರುತ್ತಾನೆ. ಗಾಂಜಾ ಮಾತ್ರ ಬೇರೆ: ದಿನಾ ಸೇದುತ್ತಿದ್ದವನು ಬಿಟ್ಟು ತಿಂಗಳಾದರೂ ಪಾಸಿಟಿವ್ ಬರಬಹುದು. ಅಂದರೆ ಬಿಡಬೇಕೆಂದು ಕಷ್ಟಪಟ್ಟು ನಾಲ್ಕು ವಾರ ಬಿಟ್ಟವನು ಫೇಲು, ಮೊನ್ನೆ ಎಂಡಿಎಂಎ ತೆಗೆದುಕೊಂಡವನು ಪಾಸು.

ಇನ್ನು ಕಾರ್ಡಿಗೆ ಕಾಣದ್ದರ ಪಟ್ಟಿ ಉದ್ದ ಇದೆ. ಎಂಡಿಎಂಎಗೆ ಪ್ರತ್ಯೇಕ ಪಟ್ಟಿ ಇಲ್ಲದ ಅಗ್ಗದ ಕಾರ್ಡಿನಲ್ಲಿ ಅದು ತಪ್ಪಿಸಿಕೊಳ್ಳಬಹುದು. ಎಲ್‌ಎಸ್‌ಡಿ ಸಾಮಾನ್ಯ ಕಾರ್ಡಿನಲ್ಲಿಲ್ಲ. ಟ್ರಮಡಾಲ್, ಟಪೆಂಟಡಾಲ್ ನೋವಿನ ಮಾತ್ರೆಗಳು ಮಾರ್ಫಿನ್ ಪಟ್ಟಿಗೆ ಸಿಗುವುದಿಲ್ಲ. ಪ್ರಿಗಾಬಲಿನ್ ಸಿಗುವುದಿಲ್ಲ. ಸಿಂಥೆಟಿಕ್ ಗಾಂಜಾ ಎಂದು ಮಾರುವ ಪುಡಿ ಗಾಂಜಾ ಪಟ್ಟಿಗೆ ಸಿಗುವುದಿಲ್ಲ. ಶಾಲೆಯ ಮಕ್ಕಳು ಮೂಸುವ ಗಮ್ಮು, ವೈಟ್ನರು ಸಿಗುವುದೇ ಇಲ್ಲ. ಕಾರ್ಡಿನಲ್ಲಿ ಯಾವುದಿದೆ, ಯಾವುದಿಲ್ಲ ಎಂದು ನಿಮಗಿಂತ ಮೊದಲು ಮಾರುವವನಿಗೆ ಗೊತ್ತಾಗುತ್ತದೆ. ಅವನು ಗಿರಾಕಿಗೆ ಕಾರ್ಡಿಗೆ ಸಿಗದ್ದನ್ನೇ ಕೊಡುತ್ತಾನೆ. ಗಾಂಜಾದಿಂದ ಅದಕ್ಕಿಂತ ಕೆಟ್ಟದ್ದಕ್ಕೆ ತಳ್ಳುವ ಕೆಲಸ ಜಮಾಅತಿನ ಹಣದಲ್ಲೇ ನಡೆಯುತ್ತದೆ.

ಮೋಸ ತಡೆಯಬೇಕಾದರೆ ಮೂತ್ರ ಕೊಡುವಾಗ ಒಬ್ಬರು ಎದುರು ನಿಂತು ನೋಡಬೇಕು. ಅಮೆರಿಕದ ನಿಯಮದಲ್ಲಿ ನಾಲ್ಕು ನಿಮಿಷದೊಳಗೆ ಮೂತ್ರದ ಬಿಸಿ ನೋಡುತ್ತಾರೆ, 32ರಿಂದ 38 ಡಿಗ್ರಿ ಸೆಲ್ಸಿಯಸ್ ಒಳಗಿರಬೇಕು. ತೆಳು ಮಾಡಿದ್ದಾರಾ ಎಂದು ಕ್ರಿಯಾಟಿನಿನ್ ನೋಡುತ್ತಾರೆ. ನಮ್ಮ ಮಸೀದಿಯ ವುಳೂಖಾನೆಯ ಪಕ್ಕದ ಟಾಯ್ಲೆಟ್ಟಿನಲ್ಲಿ ಯಾರು ಯಾರ ಹುಡುಗನ ಎದುರು ನಿಲ್ಲುತ್ತೀರಿ? ಔರತ್ ಮುಚ್ಚಬೇಕೆಂದು ಮದ್ರಸದ ಒಂದನೇ ಕ್ಲಾಸಿನಲ್ಲಿ ಕಲಿಸಿದವರು ನೀವೇ. ಇನ್ನೊಬ್ಬರ ಮರೆಯನ್ನು ಕೆದಕುವ ತಜಸ್ಸುಸ್ ಬೇಡವೆಂದು ಸೂರತುಲ್ ಹುಜುರಾತಿನಲ್ಲಿ ನೇರವಾಗಿಯೇ ಇದೆ. ಇದರ ಬಗ್ಗೆ ಫತ್ವಾ ಕೊಡುವ ಯೋಗ್ಯತೆ ನನಗಿಲ್ಲ, ಖತೀಬರನ್ನು ಕೇಳಿ. ಕೇಳದೆ ನಿರ್ಣಯ ಮಾಡಬೇಡಿ ಎಂದಷ್ಟೇ ನನ್ನ ಮಾತು.

ಕಾನೂನಿನ ವಿಷಯಕ್ಕೂ ಬರಬೇಕು. ಎನ್‌ಡಿಪಿಎಸ್ ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ಡ್ರಗ್ ಸೇವಿಸುವುದೇ ಅಪರಾಧ. ಹೆರಾಯಿನ್, ಮಾರ್ಫಿನ್, ಕೊಕೇನಿನಂಥದ್ದಾದರೆ ಒಂದು ವರ್ಷದವರೆಗೆ ಜೈಲು ಅಥವಾ 20,000 ರೂಪಾಯಿವರೆಗೆ ದಂಡ, ಉಳಿದವಕ್ಕೆ ಆರು ತಿಂಗಳವರೆಗೆ ಅಥವಾ 10,000 ರೂಪಾಯಿವರೆಗೆ, ಇಲ್ಲವೇ ಎರಡೂ. ಹುಡುಗನ ಹೆಸರು ಬರೆದ ಕಾರ್ಡಿನ ಫೋಟೋ ನೀವು ಗ್ರೂಪಿಗೆ ಹಾಕಿದರೆ ಅದು ಎಲ್ಲಿಗೆ ಮುಟ್ಟುತ್ತದೆ ಎಂದು ಯೋಚಿಸಿದ್ದೀರಾ? ಅದೇ ಕಾಯ್ದೆಯಲ್ಲಿ 64ಎ ಎಂಬ ಸೆಕ್ಷನ್ ಕೂಡ ಇದೆ. ಸೇವನೆಯ ಅಥವಾ ಸಣ್ಣ ಪ್ರಮಾಣದ ಕೇಸಿನಲ್ಲಿ ಸಿಕ್ಕಿಬಿದ್ದ ವ್ಯಸನಿ ತಾನಾಗಿ ಸರಕಾರ ಮಾನ್ಯ ಮಾಡಿದ ಆಸ್ಪತ್ರೆಯಲ್ಲಿ ಚಿಕಿತ್ಸೆಗೆ ಸೇರಿದರೆ ಅವನ ಮೇಲೆ ಮೊಕದ್ದಮೆ ನಡೆಸುವ ಹಾಗಿಲ್ಲ, ಚಿಕಿತ್ಸೆ ಪೂರ್ತಿ ಮಾಡಬೇಕು ಅಷ್ಟೆ. ಕಾನೂನು ಮಾಡಿದವರಿಗೂ ಗೊತ್ತಿತ್ತು, ಹುಡುಗನನ್ನು ಡಾಕ್ಟರ ಕಡೆ ತಿರುಗಿಸಲು ಒಂದು ಬಾಗಿಲು ತೆರೆದಿಡಬೇಕೆಂದು. ನಮ್ಮ ನಿರ್ಣಯದಲ್ಲಿ ಆ ಬಾಗಿಲೇ ಇಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಮದ್ಯ, ಡ್ರಗ್ಸಿನಿಂದ ಬರುವ ತೊಂದರೆಯನ್ನೂ ಸೇರಿಸಿ, ಅಂಥವರ ಚಿಕಿತ್ಸೆಯ ವಿವರ ಗುಟ್ಟಾಗಿಡುವುದು ಅವರ ಹಕ್ಕು ಎಂದಿದ್ದಾರೆ. 23ನೇ ಸೆಕ್ಷನ್ ನೋಡಿ.

ದೊಡ್ಡ ಮಟ್ಟದ ಟೆಸ್ಟಿಂಗ್ ಶುರು ಮಾಡಿದ್ದು ಅಮೆರಿಕ. 1986ರಲ್ಲಿ ರೇಗನ್ ಸರಕಾರಿ ನೌಕರರಿಗೆ ಇದನ್ನು ತಂದರು. ಅಷ್ಟು ಕಠಿಣವಾಗಿ ಹೊರಟ ದೇಶವೂ ಏನು ಮಾಡಿತು? ಮೊದಲ ಟೆಸ್ಟ್ ಪಾಸಿಟಿವ್ ಬಂದರೆ ಯಂತ್ರದಲ್ಲಿ ಎರಡನೇ ಟೆಸ್ಟ್ ಕಡ್ಡಾಯ. ಅದೂ ಪಾಸಿಟಿವ್ ಬಂದರೆ ಒಬ್ಬ ಡಾಕ್ಟರು ಆ ನೌಕರನೊಂದಿಗೆ ಮಾತಾಡಿ, ಯಾವ ಔಷಧಿ ತೆಗೆದುಕೊಳ್ಳುತ್ತಿದ್ದೀರಿ ಎಂದು ಕೇಳಿದ ಮೇಲೆಯೇ ಆಫೀಸಿಗೆ ಹೇಳಬೇಕು. ಅಲ್ಲಿನ ಮಕ್ಕಳ ಡಾಕ್ಟರುಗಳ ಅಕಾಡೆಮಿ ಶಾಲೆಗಳಲ್ಲಿ ಎಲ್ಲ ಮಕ್ಕಳಿಗೂ ಹೀಗೆ ಟೆಸ್ಟ್ ಮಾಡುವುದು ಬೇಡ, ಪ್ರಯೋಜನಕ್ಕೆ ಸಾಕ್ಷಿ ಸಾಲದು ಎಂದು 2015ರಲ್ಲಿ ಹೇಳಿತು. ಮನೆಯಲ್ಲಿ ತಂದೆತಾಯಿ ಮಾಡುವ ಟೆಸ್ಟಿನ ಬಗ್ಗೆಯೂ ಅವರಿಗೆ ಹಿಂದಿನಿಂದ ಆಕ್ಷೇಪ ಇದೆ.

ನನ್ನ ಎದುರಾಳಿಗಳಲ್ಲಿ ನಾನು ಗೌರವಿಸುವುದು ಹೆಣ್ಣಿನ ಉಪ್ಪನನ್ನು ಮಾತ್ರ. ಅವರ ಪ್ರಶ್ನೆ ನಿಜವಾದದ್ದು. ಮಗಳನ್ನು ಕೊಡುತ್ತಿದ್ದೇನೆ, ಗೊತ್ತುಮಾಡಿಕೊಳ್ಳುವ ಹಕ್ಕು ನನಗಿಲ್ಲವಾ ಎನ್ನುತ್ತಾರೆ. ಇದೆ. ಆದರೆ ನೆಗೆಟಿವ್ ಕಾರ್ಡು ಅವರಿಗೆ ಏನನ್ನು ಕೊಟ್ಟಿತು? ಈ ಮೂರು ದಿನ ಇಂಥಿಂಥ ಐದಾರು ವಸ್ತು ಮಿತಿಗಿಂತ ಮೇಲೆ ಇರಲಿಲ್ಲ ಎಂಬಷ್ಟು ಮಾತ್ರ. ಆ ಕಾಗದವನ್ನು ನಂಬಿ ಅವರು ವಿಚಾರಿಸುವುದನ್ನೇ ಬಿಟ್ಟರೆ ಮಗಳಿಗೆ ಅನ್ಯಾಯ. ಹುಡುಗ ಕೆಲಸಕ್ಕೆ ಹೋಗುತ್ತಾನಾ, ಸಾಲ ಎಷ್ಟಿದೆ, ಯಾರೊಂದಿಗೆ ತಿರುಗುತ್ತಾನೆ, ಒಡಹುಟ್ಟಿದವಳು ಅವನ ಬಗ್ಗೆ ಏನು ಹೇಳುತ್ತಾಳೆ, ಇದನ್ನೆಲ್ಲ ಹಿಂದಿನವರು ವಿಚಾರಿಸುತ್ತಿದ್ದರು. ಆ ಮೇಲೂ ಅನುಮಾನ ಇದ್ದರೆ ಎರಡೂ ಮನೆಯವರು ಒಪ್ಪಿ ಒಬ್ಬ ಡಾಕ್ಟರ ಹತ್ತಿರ ಹೋಗಲಿ, ಲ್ಯಾಬಿನಲ್ಲಿ ಮಾಡಿಸಲಿ, ವರದಿ ಎರಡು ಮನೆಯೊಳಗೇ ಇರಲಿ. ಅದರ ನಡುವೆ ಜಮಾಅತಿಗೆ ಏನು ಕೆಲಸ?

ಇನ್ನೊಂದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ನಾನು ಹೇಳುತ್ತೇನೆ. ಈ ಕಾರ್ಡು ಎಲ್ಲರ ಮುಂದೆಯೂ ಇಡಲ್ಪಡುವುದಿಲ್ಲ. ಮಸೀದಿಯ ಎರಡನೇ ಮಹಡಿಗೆ ಲಕ್ಷಗಟ್ಟಲೆ ಕೊಟ್ಟವರ ಮಗ ಮಂಗಳೂರಿನ ಹಾಲಿನಲ್ಲಿ ಮದುವೆಯಾಗುತ್ತಾನೆ, ಅವನ ಎನ್‌ಒಸಿ ಫೋನಿನಲ್ಲೇ ಆಗುತ್ತದೆ. ಸಾಲಿನಲ್ಲಿ ನಿಲ್ಲುವುದು ಮೀನು ಲಾರಿಯ ಹುಡುಗ, ಆಟೋದವನು, ವೆಲ್ಡಿಂಗಿನವನು. ಹಾಗೆ ಆಗುವುದಿಲ್ಲ ಎನ್ನುವವರು ಮೊದಲ ಕಾರ್ಡನ್ನು ಕಮಿಟಿ ಸದಸ್ಯರ ಮನೆಯಿಂದಲೇ ಶುರು ಮಾಡಿ ತೋರಿಸಲಿ.

ಸ್ಟ್ರಿಪ್ಪಿಗೆ ಜಾಗವೇ ಇಲ್ಲವೆಂದಲ್ಲ. ಪ್ರಜ್ಞೆ ತಪ್ಪಿದ ಹುಡುಗನನ್ನು ಕ್ಯಾಶುವಾಲಿಟಿಗೆ ತಂದಾಗ ಡಾಕ್ಟರಿಗೆ ಐದು ನಿಮಿಷದಲ್ಲಿ ಒಂದು ಸುಳಿವು ಬೇಕು, ಆಗ ಅದು ಉಪಯೋಗಕ್ಕೆ ಬರುತ್ತದೆ. ವ್ಯಸನಮುಕ್ತಿಗೆ ಸೇರಿದವನು ತಾನೇ ಒಪ್ಪಿ ವಾರಕ್ಕೊಮ್ಮೆ ಟೆಸ್ಟ್ ಕೊಟ್ಟು, ಈ ವಾರವೂ ಗೆರೆ ಬಂತು ಎಂದು ಕೌನ್ಸೆಲರಿಗೆ ತೋರಿಸುವಾಗ ಅದೇ ಗೆರೆ ಅವನಿಗೆ ಧೈರ್ಯ ಕೊಡುತ್ತದೆ. ಅಲ್ಲಿ ಪಾಸಿಟಿವ್ ಬಂದರೆ ಮುಂದಿನ ಮಾತು "ಏನಾಯಿತು ಮೋನೆ?" ಎಂಬುದು. ಕಮಿಟಿಯಲ್ಲಿ ಮುಂದಿನ ಮಾತು ಅದಾಗಿರುವುದಿಲ್ಲ.

ಗುಟ್ಟಾಗಿ ಕಾರ್ಡು ತರಿಸಿ ಮಗನ ಮೂತ್ರ ಹೇಗೆ ತೆಗೆಯುವುದೆಂದು ಯೋಚಿಸುತ್ತಿರುವ ಉಮ್ಮಂದಿರಿಗೂ ಒಂದು ಮಾತು. ನಿಮ್ಮ ಅನುಮಾನಕ್ಕೆ ಕಾರಣ ಕಾರ್ಡಲ್ಲ, ನಿಮ್ಮ ಕಣ್ಣು. ಅವನು ಊಟ ಬಿಟ್ಟದ್ದು, ಎರಡು ದಿನ ಮಲಗದೆ ಆಮೇಲೆ ಎರಡು ದಿನ ಏಳದೇ ಇದ್ದದ್ದು, ದುಡ್ಡು ಕಾಣೆಯಾದದ್ದು ನೀವು ನೋಡಿದ್ದೀರಿ. ಅದು ಸಾಕು ಡಾಕ್ಟರ ಹತ್ತಿರ ಹೋಗಲು. ಅವನು ಬಾರದಿದ್ದರೆ ಮೊದಲು ನೀವೊಬ್ಬರೇ ಹೋಗಿ ಕೇಳಬಹುದು. 14446 ಕೇಂದ್ರ ಸರಕಾರದ ವ್ಯಸನಮುಕ್ತಿ ಸಹಾಯವಾಣಿ, 14416 ಟೆಲಿ ಮಾನಸ್, ಎರಡೂ ಉಚಿತ.

ಕಮಿಟಿಗೆ ದುಡ್ಡು ಖರ್ಚು ಮಾಡಲೇಬೇಕಿದ್ದರೆ ದಾರಿ ಇದೆ. ಕೇರಳದ ವಿಮುಕ್ತಿ ಯೋಜನೆಯಲ್ಲಿ ನಮ್ಮ ಜಿಲ್ಲೆಯ ವ್ಯಸನಮುಕ್ತಿ ಕೇಂದ್ರ ಇರುವುದು ನೀಲೇಶ್ವರದ ತಾಲೂಕು ಆಸ್ಪತ್ರೆಯಲ್ಲಿ. ಮಂಜೇಶ್ವರದಿಂದ ಹತ್ತಿರ ಹತ್ತಿರ ಎಪ್ಪತ್ತು ಕಿಲೋಮೀಟರ್. ಮಂಗಳೂರಿಗೆ ಅದರ ಮೂರನೇ ಒಂದು ಪಾಲೂ ಇಲ್ಲ, ಆದರೆ ತಲಪಾಡಿ ದಾಟಿದರೆ ರಾಜ್ಯ ಬೇರೆ, ಕೇರಳದ ಯೋಜನೆ ಅಲ್ಲಿಗೆ ಬರುವುದಿಲ್ಲ. ಬ್ಯಾರಿ ಹುಡುಗನಿಗೆ ಮಲಯಾಳಂ ಕಿವಿಗೆ ಅರ್ಥವಾಗುತ್ತದೆ ನಿಜ. ಕನ್ನಡ ಮೀಡಿಯಂನಲ್ಲಿ ಓದಿದವನಿಗೆ ಆ ಫಾರ್ಮು ಓದಲು ಬರುವುದಿಲ್ಲ, ಮತ್ತು ಎದೆಯೊಳಗಿನದ್ದನ್ನು ಹೇಳಲು ಅವನಿಗೆ ಬ್ಯಾರಿಯೋ ತುಳುವೋ ಕನ್ನಡವೋ ಬೇಕು. ಮಂಗಲ್ಪಾಡಿಯ ತಾಲೂಕು ಆಸ್ಪತ್ರೆಯಲ್ಲಿ ವಾರಕ್ಕೊಂದು ದಿನ ವ್ಯಸನಮುಕ್ತಿಗೇ ಮೀಸಲಾದ, ನಮ್ಮ ಭಾಷೆ ಬಲ್ಲ ಕೌನ್ಸೆಲರ್ ಇರುವ ಒಪಿ ಕೊಡಿ ಎಂದು ತಾಲೂಕಿನ ಜಮಾಅತುಗಳೆಲ್ಲ ಒಂದೇ ಮನವಿಗೆ ಸಹಿ ಹಾಕಲಿ. ಭಾಷಾ ಅಲ್ಪಸಂಖ್ಯಾತರ ಪ್ರದೇಶ ಎಂದು ಶಾಲೆಗೆ, ಕಚೇರಿ ಕಾಗದಕ್ಕೆ ಕೇಳುತ್ತೇವಲ್ಲ, ಇದಕ್ಕೂ ಕೇಳೋಣ. ಅಲ್ಲಿಯವರೆಗೆ ನೀಲೇಶ್ವರಕ್ಕೋ ಮಂಗಳೂರಿಗೋ ಹೋಗುವವನ ಕಾರಿನ ಬಾಡಿಗೆ, ಔಷಧಿಯ ಬಿಲ್ಲು ಕಮಿಟಿ ಕೊಡಲಿ. ಹೆಸರು ಖತೀಬರಿಗೆ ಮಾತ್ರ ಗೊತ್ತಿರಲಿ, ಪುಸ್ತಕದಲ್ಲಿ ಬರೆಯುವುದು ಬೇಡ. ಚಿಕಿತ್ಸೆ ಮುಗಿಸಿ ಬಂದವನಿಗೆ ಎನ್‌ಒಸಿ ತಡೆಯುವುದಿಲ್ಲ ಎಂದು ನಿರ್ಣಯ ಮಾಡಿ. ಅದೊಂದು ನಿರ್ಣಯ ಓದಿ ಹೇಳಿದರೆ ಸಾಕು, ಈಗ ಅಡಗಿ ಕೂತವರಲ್ಲಿ ಕೆಲವರಾದರೂ ತಾವಾಗಿ ಬರುತ್ತಾರೆ.

ಇಷ್ಟಾದರೂ ಕಾರ್ಡೇ ಬೇಕೆನ್ನುವ ಕಮಿಟಿಗಳು ಆರ್ಡರ್ ಕೊಡುವ ಮೊದಲು ನಿರ್ಣಯ ಪುಸ್ತಕದಲ್ಲಿ ಇಷ್ಟನ್ನು ಬರೆದು ಸಹಿ ಹಾಕಲಿ. ಕಾರ್ಡನ್ನು ಓದುವವರು ಯಾರು, ಅವರಿಗೆ ಕಲಿಸಿದವರು ಯಾರು? ಮಾರ್ಫಿನ್ ಮಿತಿ 300ರದ್ದೋ 2000ದ್ದೋ? ಗೆರೆ ಬಾರದಿದ್ದರೆ ಲ್ಯಾಬಿನ ಖರ್ಚು ಯಾರದ್ದು, ವರದಿ ಬರುವವರೆಗೆ ಬಾಯಿ ಮುಚ್ಚಿಕೊಂಡಿರುವ ಹೊಣೆ ಯಾರದ್ದು? ಲ್ಯಾಬಿನ ವರದಿ ಹುಡುಗನ ಪರವಾಗಿ ಬಂದರೆ, ಮುರಿದ ಸಂಬಂಧವನ್ನು ಸರಿಮಾಡಲು ಹೆಣ್ಣಿನ ಮನೆಗೆ ಹೋಗುವವರು ಕಮಿಟಿಯಲ್ಲಿ ಯಾರು?